ಕಾಸು ಕೊಟ್ಟು ಕೊಂಡ ನಗು

ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ಕೊಂಡ ಸ್ಟ್ಯಾಂಡ್‌ಅಪ್ ಶೋ ನೋಡಿ ಮೈಯೆಲ್ಲ ಉರೀತಿದೆ. ಬೆಂಗಳೂರಿನ ಪಬ್ಬೊಂದರಲ್ಲಿ ಲೈವ್ ನೋಡಿದಾಗ ಇದೇ ಕಾಮಿಡಿಯನ್ ಆಸಾಮಿ ಮುಂದಿನ ಸಾಲಲ್ಲಿದ್ದ ಬ್ಯಾಂಕ್ ಮ್ಯಾನೇಜರ್‌ನ ಹಿಡ್ಕೊಂಡು, ಹೋಮ್ ಲೋನಿನ ಬಡ್ಡಿ ಕೇಳ್ತಾ ಕೇಳ್ತಾ ಆಟ ಆಡಿಸಿದ್ದ. ಮ್ಯಾನೇಜರೂ ಬಿಡಲಿಲ್ಲ, "ನಿಮ್ಮ ಸಿಬಿಲ್ ಸ್ಕೋರ್ ಎಷ್ಟು?" ಅಂತ ಸಾಲದ ಯೋಗ್ಯತೆಯ ಅಂಕಾನೇ ಕೇಳಿದ್ರು. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ. ವಿಡಿಯೋದಲ್ಲಿ ಅಂಥದ್ದಕ್ಕೆಲ್ಲ ಕತ್ತರಿ. ಉಳಿದದ್ದು ಮದುವೆ, ಅತ್ತೆ, ಟ್ರಾಫಿಕ್ಕು. ಅದರಲ್ಲೂ ಅರ್ಧ ರೀಲ್ಸ್‌ನಲ್ಲಿ ಪುಕ್ಕಟೆ ನೋಡಿ ಸವೆದದ್ದು. ಜೋಕು ಮುಗಿಯೋ ಮುಂಚೆನೇ ಕ್ಯಾಮೆರಾ ಯಾರೋ ನಗ್ತಿರೋರ ಮುಖಕ್ಕೆ ಹಾರುತ್ತೆ. ಈಗ ನಗಪ್ಪಾ ಅಂತ ಆರ್ಡರ್ರು!

ಹಾಸ್ಯನಟ ಧೀರೇಂದ್ರ ಗೋಪಾಲ್ ಕ್ಯಾಸೆಟ್ಟಿನ ಮಾತು ಬೇರೆ, ಅದು ಕಿವಿಗೇ ಕಟ್ಟಿದ ಹಾಸ್ಯ. ಆದರೆ ಮಾಸ್ಟರ್ ಹಿರಣ್ಣಯ್ಯ ಆಯಾ ದಿನದ ರಾಜಕೀಯಾನ ಅಲ್ಲೇ ನಾಟಕದೊಳಗೆ ಎಳ್ಕೊಂಡು ಝಾಡಿಸ್ತಿದ್ದರಲ್ಲ, ಅದನ್ನ ಯಾವ ಡಿಸ್ಕಿಗೆ ತುಂಬಿಸ್ತೀರಿ?

ಹಾಗಂತ ಲೈವ್ ಅಗ್ಗವೇನಲ್ಲ. ಟಿಕೆಟ್ಟಿನ ಮೇಲೆ ಬುಕಿಂಗ್ ಫೀ, ಅದರ ಮೇಲೆ ಜಿಎಸ್‌ಟಿ, ಒಳಗೆ ಕೂತ್ರೆ "ಸರ್, ಏನಾದ್ರೂ ಆರ್ಡರ್ ಮಾಡ್ಲೇಬೇಕು" ಅನ್ನೋ ವೇಟರು. ಬೈಕೊಂಡಾದ್ರೂ ದುಡ್ಡು ಅಲ್ಲಿಗೇ ಸುರೀತೀನಿ. ಈ ವಿಡಿಯೋಗೆ ಮಾತ್ರ ಇನ್ನೊಂದು ಪೈಸೆ ಬಿಚ್ಚಲ್ಲ.