ರಿಪೇರಿಗೊಂದು ರಿಫೈನರಿ

ಕಚ್ಚಾ ತೈಲ ಹಾಕಿದರೆ ಪೆಟ್ರೋಲ್ ಬರುವ ಜಾಗಕ್ಕೆ ರಿಫೈನರಿ ಅನ್ನುತ್ತಾರೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ನೈಜೀರಿಯಾದವರು ಈ ಮೂಢನಂಬಿಕೆ ಬಿಟ್ಟು ಬಹಳ ಕಾಲವಾಯಿತು. ಅಲ್ಲಿನ ಪೋರ್ಟ್ ಹಾರ್ಕೋರ್ಟ್ ರಿಫೈನರಿಯಲ್ಲಿ ಒಂದು ಕಡೆಯಿಂದ ಡಾಲರ್ ಸುರಿದರೆ ಇನ್ನೊಂದು ಕಡೆಯಿಂದ ದಿನಾಂಕ ಬರುತ್ತದೆ. ಶುದ್ಧವಾದ, ಕಲಬೆರಕೆ ಇಲ್ಲದ, ಹೊಚ್ಚ ಹೊಸ ದಿನಾಂಕ.

ಶುರುವಿನಲ್ಲಿ ಹೀಗಿರಲಿಲ್ಲ. 1956ರಲ್ಲಿ ನೈಜರ್ ನದಿ ಸಮುದ್ರ ಸೇರುವ ಸೀಮೆಯ ಒಲೊಯಿಬಿರಿ ಎಂಬ ಹಳ್ಳಿಯಲ್ಲಿ ಶೆಲ್-ಬಿಪಿಯವರಿಗೆ ಎಣ್ಣೆ ಸಿಕ್ಕಿತು. ಎರಡೇ ವರ್ಷಕ್ಕೆ ಹಡಗು ತುಂಬಿ ಹೊರಗೆ ಕಳಿಸಿದರು. 1965ರಲ್ಲಿ ಪೋರ್ಟ್ ಹಾರ್ಕೋರ್ಟ್ ಪಕ್ಕದ ಅಲೆಸಾ-ಎಲೆಮೆಯಲ್ಲಿ ದೇಶದ ಮೊದಲ ರಿಫೈನರಿ ನಿಂತಿತು. ಮುಂದೆ ಅದರ ಸಾಮರ್ಥ್ಯ ದಿನಕ್ಕೆ 60,000 ಬ್ಯಾರೆಲ್‌ಗೆ ಏರಿತು. 1978ರಲ್ಲಿ ವಾರಿ, 1980ರಲ್ಲಿ ಕಡುನಾ. 1989ರಲ್ಲಿ ಪೋರ್ಟ್ ಹಾರ್ಕೋರ್ಟ್‌ನಲ್ಲೇ ಹಳೆಯದರ ಪಕ್ಕಕ್ಕೆ 1,50,000 ಬ್ಯಾರೆಲ್‌ನ ಇನ್ನೊಂದು. ನಾಲ್ಕೂ ಸೇರಿ ದಿನಕ್ಕೆ 4,45,000 ಬ್ಯಾರೆಲ್. ಕಾಗದದ ಮೇಲೆ ಈ ಸಂಖ್ಯೆ ಇವತ್ತಿಗೂ ಗಟ್ಟಿಮುಟ್ಟಾಗಿದೆ. ರಿಪೇರಿ ಬೇಕಾಗದೆ ಉಳಿದದ್ದು ಅದೊಂದೇ.

ಕಡುನಾದ ಕತೆಯನ್ನು ಇಲ್ಲೇ ಹೇಳಿಬಿಡಬೇಕು, ಆಮೇಲೆ ಮರೆತುಹೋಗುತ್ತದೆ. ಎಣ್ಣೆ ಸಿಗುವುದು ದಕ್ಷಿಣದ ತುದಿಯಲ್ಲಿ, ಕಡುನಾ ಇರುವುದು ಉತ್ತರದ ಒಳನಾಡಿನಲ್ಲಿ. ಹೋಗಲಿ, ಪೈಪ್ ಹಾಕಿದರು. ಆದರೆ ಅದರ ಲೂಬ್ರಿಕೆಂಟ್ ಘಟಕಕ್ಕೆ ನೈಜೀರಿಯಾದ ತೆಳು ಎಣ್ಣೆ ಒಗ್ಗುವುದಿಲ್ಲ. ಅದಕ್ಕೆ ಗಟ್ಟಿ ಎಣ್ಣೆಯೇ ಬೇಕು, ವೆನೆಜುವೆಲಾದಂಥ ದೇಶಗಳಿಂದ ತರಿಸಬೇಕು! ಮನೆ ತುಂಬ ಅಕ್ಕಿ ಇಟ್ಟುಕೊಂಡು ರಾಗಿ ಬೀಸುವ ಕಲ್ಲು ತಂದವರು ಇವರು. 2018ರ ಲೆಕ್ಕಪತ್ರದಲ್ಲಿ ಈ ರಿಫೈನರಿಯ ಆದಾಯ ಸೊನ್ನೆ. ನಷ್ಟ ಮಾತ್ರ 6,400 ಕೋಟಿ ನೈರಾ. ಏನೂ ಮಾಡದೆ ಸುಮ್ನೆ ಕೂರುವುದಕ್ಕೂ ಇಷ್ಟು ಖರ್ಚು ಬೀಳುತ್ತದೆ ಅಂತ ಸೋಮಾರಿಗಳಿಗೂ ಗೊತ್ತಿರಲಿಕ್ಕಿಲ್ಲ.

ಈಗ ರಿಪೇರಿಗೆ ಬರೋಣ. ರಿಫೈನರಿ ಅಂದರೆ ದೊಡ್ಡ ಒಲೆ. ಕಚ್ಚಾ ತೈಲವನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರವಾದದ್ದು ಮೇಲೆ, ಭಾರದ್ದು ಕೆಳಗೆ. ಗ್ಯಾಸ್, ನಾಫ್ತಾ, ಸೀಮೆಎಣ್ಣೆ, ಡೀಸೆಲ್ ಒಂದೊಂದು ಮಟ್ಟದಲ್ಲಿ ಬೇರೆಯಾಗುತ್ತವೆ, ಜಿಗುಟು ತಳದಲ್ಲಿ ಉಳಿಯುತ್ತದೆ. ಹಗಲೂ ರಾತ್ರಿ ಉರಿಯುವ ಒಲೆಯ ಕೊಳವೆಗಳಲ್ಲಿ ಮಸಿ ಕಟ್ಟುತ್ತದೆ, ಗಂಧಕ ಮತ್ತು ಉಪ್ಪು ಲೋಹವನ್ನು ತಿನ್ನುತ್ತವೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಎಲ್ಲ ನಿಲ್ಲಿಸಿ, ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸುತ್ತಾರೆ. ಪ್ರಪಂಚದ ಎಲ್ಲ ರಿಫೈನರಿಗಳಲ್ಲೂ ಇದು ಕೆಲವು ವಾರಗಳ ಕೆಲಸ. ಇಂಗ್ಲಿಷಿನಲ್ಲಿ ಟರ್ನ್ ಅರೌಂಡ್ ಮೇಂಟೆನೆನ್ಸ್, ನೈಜೀರಿಯಾದ ಬಾಯಲ್ಲಿ ಚುಟುಕಾಗಿ ಟ್ಯಾಮ್.

ಬೇರೆಯವರು ರಿಫೈನರಿ ನಡೆಯಲಿ ಅಂತ ಟ್ಯಾಮ್ ಮಾಡಿದರು. ಇಲ್ಲಿ ಟ್ಯಾಮ್ ನಡೆಯಲಿ ಅಂತ ರಿಫೈನರಿ ಇಟ್ಟುಕೊಂಡರು. ಸರ್ಕಾರ ಬದಲಾದ ಹಾಗೆ ಹೊಸ ಟ್ಯಾಮ್, ಹೊಸ ಗುತ್ತಿಗೆ. ಯಾರೂ ತಪ್ಪು ತಿಳಿಯಬೇಡಿ, ಕೆಲಸ ಬಲು ಶ್ರದ್ಧೆಯಿಂದ ನಡೆಯಿತು. ತಿರುಗುತ್ತಾ ತಿರುಗುತ್ತಾ ಪ್ರತಿಸಲವೂ ಹೊರಟಲ್ಲಿಗೇ ಬಂದು ನಿಂತರು. ಹೆಸರಿನಲ್ಲಿ ಮೋಸವಿಲ್ಲ, ಅಲ್ವಾ?

ಮೂಗಿಗಿಂತ ಮೂಗುತಿ ಭಾರವಾದದ್ದು 2021ರ ಮಾರ್ಚ್‌ನಲ್ಲಿ. ಪೋರ್ಟ್ ಹಾರ್ಕೋರ್ಟ್ ಒಂದರ ದುರಸ್ತಿಗೇ 150 ಕೋಟಿ ಡಾಲರ್‌ಗೆ ಸಚಿವ ಸಂಪುಟ ಒಪ್ಪಿತು. ಕೆಲಸ ಇಟಲಿಯ ಟೆಕ್ನಿಮಾಂಟ್ ಕಂಪನಿಗೆ. ಮೂರು ಹಂತ: 18 ತಿಂಗಳು, 24 ತಿಂಗಳು, 44 ತಿಂಗಳು. ಮೊದಲ ಹಂತದ ಗಡುವು ಸದ್ದಿಲ್ಲದೆ ಕಳೆಯಿತು. 2023ರ ಡಿಸೆಂಬರ್‌ನಲ್ಲಿ ಹಳೆಯ ಘಟಕದ ಯಂತ್ರಗಳ ಕೆಲಸ ಮುಗಿಯಿತು ಅಂತ ಘೋಷಣೆ ಬಂತು. ಮುಗಿದರೆ ಪೆಟ್ರೋಲ್ ಬರಬೇಕಲ್ಲ? 2024ರ ಮಾರ್ಚ್‌ನಲ್ಲಿ ಸರ್ಕಾರಿ ತೈಲ ಕಂಪನಿ ಎನ್‌ಎನ್‌ಪಿಸಿಯ ಮುಖ್ಯಸ್ಥರು ಸಂಸದರ ಮುಂದೆ ಹೇಳಿದರು: ಇನ್ನು ಎರಡೇ ವಾರ. ಎರಡು ವಾರ ಕಳೆಯಿತು, ಎರಡು ತಿಂಗಳೂ ಕಳೆಯಿತು. ಆಮೇಲೆ ಆಗಸ್ಟ್ ಮೊದಲ ವಾರ ಅಂದರು. ಆಗಸ್ಟೂ ಬಂದು ಹೋಯಿತು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ, ಸರಿ ನಾಳೆ ಬರೋಣ ಅಂತ ವಾಪಸು ಹೋಗುತ್ತಿತ್ತು. ದೆವ್ವ ಪಾಪ, ಓದು ಬಲ್ಲದ್ದು, ಮಾತು ನಂಬುವಂಥದ್ದು. ಪೋರ್ಟ್ ಹಾರ್ಕೋರ್ಟ್ ಗೇಟಿನ ಮೇಲೂ ಯಾರೋ ಅದನ್ನೇ ಬರೆದಿಟ್ಟಿರಬೇಕು. ಪೆಟ್ರೋಲ್ ದಿನಾ ಬರುತ್ತದೆ, ಓದುತ್ತದೆ, ಹೋಗುತ್ತದೆ.

ಅಲ್ಲಿಯವರೆಗೆ ದೇಶ ಹೇಗೆ ನಡೆಯಿತು ಅಂತೀರಾ? ಕಚ್ಚಾ ತೈಲ ಹೊರಗೆ ಕೊಟ್ಟು ಬದಲಿಗೆ ಪೆಟ್ರೋಲ್ ತರಿಸಿಕೊಂಡರು. ಹಾಲು ಪಕ್ಕದ ಮನೆಗೆ ಕೊಟ್ಟು ಮೊಸರು ಇಸಿದುಕೊಂಡ ಹಾಗೆ. ಮನೆಯಲ್ಲಿ ಮೊಸರು ಹಾಕಲು ನಾಲ್ಕು ಗಡಿಗೆ ಇವೆ, ನಾಲ್ಕೂ ರಿಪೇರಿಯಲ್ಲಿವೆ. 2022ರ ಫೆಬ್ರುವರಿಯಲ್ಲಂತೂ ಬೆಲ್ಜಿಯಂನಿಂದ ಬಂದ ಪೆಟ್ರೋಲ್‌ನಲ್ಲಿ ಮೆಥನಾಲ್ ಮಿತಿಮೀರಿತ್ತು. ಹಾಕಿಸಿಕೊಂಡ ಕಾರುಗಳು ಕೆಮ್ಮಿ ನಿಂತವು. ಆ ಪೆಟ್ರೋಲ್ ವಾಪಸು ತೆಗೆಸಿದ್ದಕ್ಕೆ ಬಂಕುಗಳ ಮುಂದೆ ಮೈಲುದ್ದದ ಸಾಲು. ಆಫ್ರಿಕಾದಲ್ಲೇ ಅತಿ ಹೆಚ್ಚು ತೈಲ ತೆಗೆಯುವ ದೇಶಗಳ ಸಾಲಿನಲ್ಲಿ ನಿಂತವರು ಈ ಸಾಲಿನಲ್ಲೂ ನಿಂತರು.

ಅದೇ ಸೀಮೆಯಲ್ಲಿ ಗಡುವು ತಪ್ಪದೆ ನಡೆಯುವ ರಿಫೈನರಿಗಳೂ ಇವೆ. ಕದ್ದ ಎಣ್ಣೆಯನ್ನು ಕಾಡಿನ ಮರೆಯಲ್ಲಿ ತಗಡಿನ ಡ್ರಮ್ಮಿಗೆ ಸುರಿದು ಕೆಳಗೆ ಬೆಂಕಿ ಇಟ್ಟು ಕಾಯಿಸುತ್ತಾರೆ. ಜನ ಅದಕ್ಕೆ ಕ್ಪೋ-ಫೈರ್ ಅನ್ನುತ್ತಾರೆ. ಡಾಲರ್ ಬೇಡ, ಇಟಲಿಯವರು ಬೇಡ. 2016ರ ಕೊನೆಯಿಂದ ಪೋರ್ಟ್ ಹಾರ್ಕೋರ್ಟ್ ಊರಿನ ಮೇಲೆ ಮಸಿ ಸುರಿಯತೊಡಗಿತು. ಅಂಗಳದಲ್ಲಿ ಬರಿಗಾಲಲ್ಲಿ ನಡೆದರೆ ಪಾದ ಕಪ್ಪು. 2022ರ ಏಪ್ರಿಲ್‌ನಲ್ಲಿ ಇಂಥದ್ದೊಂದು ಜಾಗ ಸಿಡಿದು ನೂರಕ್ಕೂ ಹೆಚ್ಚು ಜನ ಸುಟ್ಟುಹೋದರು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಹಾಗಂತ ಸರ್ಕಾರಿ ರಿಫೈನರಿಗಳನ್ನು ಯಾರೂ ಕೊಳ್ಳಲು ಬರಲಿಲ್ಲ ಅನ್ನುವ ಹಾಗಿಲ್ಲ. 2007ರಲ್ಲಿ ಅಧ್ಯಕ್ಷ ಒಬಸಾಂಜೊ ಹೋಗುವ ಹೊತ್ತಿಗೆ ಪೋರ್ಟ್ ಹಾರ್ಕೋರ್ಟ್ ಮತ್ತು ಕಡುನಾದ ದೊಡ್ಡ ಪಾಲನ್ನು ಉದ್ಯಮಿ ಅಲಿಕೊ ಡಾಂಗೋಟೆ ಇದ್ದ ಗುಂಪಿಗೆ ಮಾರಿದರು. ಆಮೇಲೆ ಬಂದ ಯಾರ್‌ಅಡುವಾ ಸರ್ಕಾರ, ನಮ್ಮದನ್ನು ನಾವೇ ನಡೆಸುತ್ತೇವೆ ಅಂತ ವಾಪಸು ಪಡೆಯಿತು. ಡಾಂಗೋಟೆ ಲಾಗೋಸ್ ಹತ್ತಿರದ ಲೆಕ್ಕಿಯಲ್ಲಿ ದಿನಕ್ಕೆ 6,50,000 ಬ್ಯಾರೆಲ್‌ನ ಸ್ವಂತ ರಿಫೈನರಿಯನ್ನೇ ಕಟ್ಟಿ ನಿಲ್ಲಿಸಿದರು. ಸರ್ಕಾರದ ನಾಲ್ಕೂ ಸೇರಿದರೆ ಆಗುವುದಕ್ಕಿಂತ ದೊಡ್ಡದು. ಅದೂ ಒಂದಷ್ಟು ಕಚ್ಚಾ ತೈಲವನ್ನು ಅಮೆರಿಕದಿಂದ ತರಿಸಿತು ಅನ್ನುವುದು ಬೇರೆ ಮಾತು. ನೀರಿನ ಗುಣ ಎಲ್ಲಿ ಹೋದೀತು!

ಕೊನೆಗೂ 2024ರ ನವೆಂಬರ್ 26ಕ್ಕೆ ಪವಾಡ ನಡೆಯಿತು. ಹಳೆಯ ಘಟಕ ಶುರುವಾಯಿತು, ಟ್ಯಾಂಕರ್‌ಗಳಿಗೆ ಎಣ್ಣೆ ತುಂಬಿದರು, ಕ್ಯಾಮೆರಾಗಳು ಬಂದವು. ಅನುಮಾನ ಪಟ್ಟವರಿಗೆ ಬೈಗುಳ ಬಿತ್ತು. ಇವು ನಡೆಯುವುದಿಲ್ಲ ಅಂತ ಹೇಳಿಕೊಂಡು ಬಂದಿದ್ದ ಒಬಸಾಂಜೊಗೆ, ಬಂದು ಕಣ್ಣಾರೆ ನೋಡಿ ಅಂತ ಎನ್‌ಎನ್‌ಪಿಸಿ ಆಹ್ವಾನವನ್ನೂ ಕೊಟ್ಟಿತು. ಆರು ತಿಂಗಳು ತುಂಬಲು ಎರಡು ದಿನ ಬಾಕಿ ಇತ್ತು. 2025ರ ಮೇ 24ರಂದು ರಿಫೈನರಿ ಬಾಗಿಲು ಹಾಕಿತು. ಕಾರಣ ಕೇಳಬೇಡಿ. ಸರಿ, ಕೇಳಿ: ರಿಪೇರಿ.

ಜುಲೈ ಎರಡನೇ ವಾರದಲ್ಲಿ ಎನ್‌ಎನ್‌ಪಿಸಿಯ ಹೊಸ ಮುಖ್ಯಸ್ಥರು ಮಾರುವ ಯೋಚನೆಯನ್ನೂ ತಳ್ಳಿಹಾಕಲಿಲ್ಲ. ಅದೇ ಜುಲೈ ಕೊನೆಗೆ, ಮಾರುವುದಿಲ್ಲ, ರಿಪೇರಿ ಪೂರ್ತಿ ಮಾಡಿಯೇ ತೀರುತ್ತೇವೆ ಅಂದರು. ಪೂರ್ತಿ ದುರಸ್ತಿ ಆಗುವ ಮೊದಲೇ ಓಡಿಸಿದ್ದು ಹಿಂದಿನವರ ತಪ್ಪು ಅಂತಲೂ ಸೇರಿಸಿದರು.

ಮೇ 24ರಂದು ಬಾಗಿಲು ಹಾಕುವಾಗ 30 ದಿನದ ಕೆಲಸ ಅಂದಿದ್ದರು. ಬೆರಳು ಮಡಚಿ ಎಣಿಸಿದರೆ ಜೂನ್ 23ಕ್ಕೆ ಮುಗಿಯಬೇಕು. ಯಾವ ವರ್ಷದ ಜೂನ್ ಅಂತ ಆಗ ಯಾರೂ ಕೇಳಲಿಲ್ಲ.