ಪಾಸ್‌ವರ್ಡ್ ಮೇಲಿನ ಇಲಾಖಾ ವಿಚಾರಣೆ

ಸಕಲೇಶಪುರದ ಕಡೆಯ ಸರ್ಕಾರಿ ಕಚೇರಿಯೊಂದರಲ್ಲಿ ಇಂಟರ್‌ನೆಟ್ ನಿಧಾನವೆಂಬ ದೂರು ಎದ್ದಾಗ, ಬಲ್ಲವರೊಬ್ಬರು ಕಂಪ್ಯೂಟರಿನ ಡಿಎನ್‌ಎಸ್ ಖಾನೆಯಲ್ಲಿ, ಅಂದರೆ ಹೆಸರು ಹೇಳಿದರೆ ದಾರಿ ತೋರಿಸುವವರು ಯಾರೆಂದು ಬರೆದಿಡುವ ಜಾಗದಲ್ಲಿ, ಇದ್ದ ಹಾಸನದ ಸರ್ವರ್ ವಿಳಾಸವನ್ನು ಅಳಿಸಿ, ಆ ಜಾಗದಲ್ಲಿ 8.8.8.8 ಎಂದು ತುಂಬಿದರು. ಗೂಗಲ್ 2009ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಈ ವಿಳಾಸಕ್ಕೆ ಲೋಕದ ಸಕಲ ಜಾಲತಾಣಗಳ ದಾರಿಯೂ ಗೊತ್ತು. ಆದರೆ ಹಾಸನದ ಬೀಗ ಹಾಕಿದ ಕೋಣೆಯಲ್ಲಿದ್ದುಕೊಂಡು ನೌಕರರ ಲಾಗಿನ್ ಪರಿಶೀಲಿಸುವ ಸರ್ವರ್ ಎಲ್ಲಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಮರುದಿನ ಹೊಸ ಸಾಹೇಬರು ಲಾಗಿನ್ ಆಗಹೋದಾಗ, ಡೊಮೇನ್ ಲಭ್ಯವಿಲ್ಲವೆಂದು, ಅಂದರೆ ಲಾಗಿನ್ ಪರಿಶೀಲಿಸುವ ಹಾಸನದ ಸರ್ವರ್ ಸಿಗುತ್ತಿಲ್ಲವೆಂದು, ಪರದೆಯ ಮೇಲೆ ಸ್ಪಷ್ಟವಾಗಿಯೇ ಮೂಡಿತು. ಸಂದೇಶ ಇಂಗ್ಲಿಷಿನಲ್ಲಿದ್ದುದರಿಂದಲೋ, ಸಂದೇಶಗಳನ್ನು ಓದುವ ಪದ್ಧತಿಯೇ ಇಲ್ಲದ್ದರಿಂದಲೋ, ಆರೋಪ ಮಾತ್ರ ನೇರವಾಗಿ ಪಾಸ್‌ವರ್ಡಿನ ಮೇಲೆ ಬಿತ್ತು. ಹಾಸನಕ್ಕೆ ಪತ್ರ ಹೋಯಿತು, ಅಲ್ಲಿಂದ ಕಚೇರಿಯವರೆಲ್ಲರಿಗೂ ಹೊಸ ಪಾಸ್‌ವರ್ಡ್ ಮಂಜೂರಾಗಿ ಬಂತು. ಗುಮಾಸ್ತರು ಅದನ್ನು ಒತ್ತಿದರೆ ಕಂಪ್ಯೂಟರ್ ಒಪ್ಪಲಿಲ್ಲ. ರದ್ದಾದ ಹಳೆಯದನ್ನು ಕೈತಪ್ಪಿ ಒತ್ತಿದಾಗ ಬಾಗಿಲು ತೆರೆಯಿತು.

ಇದರಲ್ಲಿ ಪವಾಡವೇನೂ ಇಲ್ಲ. ಸರ್ವರ್ ಸಿಗದಿದ್ದಾಗ ವಿಂಡೋಸ್ ತನ್ನ ನೆನಪನ್ನೇ ನಂಬುತ್ತದೆ, ಮತ್ತು ಬೇರೆ ಆದೇಶವಿಲ್ಲದಿದ್ದರೆ ಈ ಹಿಂದೆ ಅದೇ ಯಂತ್ರದಲ್ಲಿ ಲಾಗಿನ್ ಆದ 10 ಮಂದಿಯ ಗುರುತನ್ನು ಇಟ್ಟುಕೊಂಡಿರುತ್ತದೆ. ಹೀಗಾಗಿ ಅರಸೀಕೆರೆಗೆ ವರ್ಗವಾಗಿ ಹೋದ ಸಾಹೇಬರು ಆ ಯಂತ್ರಕ್ಕೆ ಇಂದಿಗೂ ಅಧಿಕಾರಿಯೇ. ಆದೇಶಪತ್ರ ಹಿಡಿದು ಬಂದು, ಹಾರ ಹಾಕಿಸಿಕೊಂಡು, ಕುರ್ಚಿಯ ಮೇಲೆ ಕುಳಿತಿರುವ ಹೊಸ ಸಾಹೇಬರು ಅದರ ಲೆಕ್ಕದಲ್ಲಿ ಅಪರಿಚಿತರು.

ಇಷ್ಟಾಗಿ ಒಳಹೊಕ್ಕ ಗುಮಾಸ್ತರ ಪರದೆಯಲ್ಲಿ ಯೂಟ್ಯೂಬ್ ನಿರಾತಂಕವಾಗಿ ಓಡುತ್ತಿತ್ತು. ಹಾಸನದ ಸರ್ವರಿನಲ್ಲಿರುವ ಕಡತಗಳು ಮಾತ್ರ ತೆರೆಯುತ್ತಿರಲಿಲ್ಲ. ಇಂಟರ್‌ನೆಟ್ ವೇಗದ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆಯೆಂದು ಷರಾ ಬರೆಯಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ. ಹಾನುಬಾಳಿನಿಂದ ಮಳೆಯಲ್ಲಿ ಬಸ್ಸು ಹಿಡಿದು ಬಂದ ಬೆಳೆಗಾರರಿಗೆ, "ಸರ್ವರ್ ಇಲ್ಲ, ನಾಳೆ ಬನ್ನಿ ಗೌಡ್ರೇ" ಎಂಬ ಉತ್ತರ ಸಿಕ್ಕಿತು. ಅತ್ತ ಹಾಸನದಲ್ಲಿ ಸರ್ವರ್ ಒಂದು ಕ್ಷಣವೂ ನಿಲ್ಲದೆ ಕೆಲಸ ಮಾಡುತ್ತಿತ್ತು.

ಡಿಎನ್‌ಎಸ್ ಖಾನೆಗೆ ಹಳೆಯ ವಿಳಾಸವನ್ನು ಮರಳಿ ತುಂಬಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಡವೆಂದು ಟೆಕ್ನಿಷಿಯನ್ ಹುಡುಗ ಮೊದಲ ದಿನವೇ ಹೇಳಿದ್ದ. ಆದರೆ ಅವನು ಹೊರಗುತ್ತಿಗೆಯವನಾದ್ದರಿಂದ ಅವನ ಮಾತನ್ನು ಕಡತದಲ್ಲಿ ನಮೂದಿಸುವಂತಿರಲಿಲ್ಲ. ಅಲ್ಲದೆ ಸೆಟ್ಟಿಂಗ್ ಬದಲಾವಣೆಗೆ ಸಾಹೇಬರ ಅನುಮೋದನೆ ಬೇಕು, ಅನುಮೋದನೆಯನ್ನು ಕೊಡಬೇಕಾದದ್ದೂ ಆ ಕಂಪ್ಯೂಟರಿನಿಂದಲೇ. ಆದಕಾರಣ, ಯಂತ್ರಕ್ಕೆ ಪರಿಚಯವಿರುವ ಹಳೆಯ ಸಾಹೇಬರನ್ನೇ ಅರಸೀಕೆರೆಯಿಂದ ವಾರಕ್ಕೆ ಎರಡು ದಿನ ನಿಯೋಜನೆಯ ಮೇಲೆ ಕರೆಸಿಕೊಳ್ಳುವ ಪ್ರಸ್ತಾವವೊಂದು, ಪ್ರಯಾಣ ಭತ್ಯೆಯ ಅಂದಾಜಿನ ಸಮೇತ, ಈಗ ಕೈಬರಹದಲ್ಲಿ ಸಿದ್ಧವಾಗುತ್ತಿದೆ.