ಕಾಡಲ್ಲಿ ಪುಕ್ಸಟ್ಟೆ ಬೆಳೆಯುತ್ತಂತೆ ಕಾಫಿ!

ಇವತ್ತು ತುಮಕೂರಿನ ಗಾಜಿನಮನೆ ಹತ್ರದ ಮೇಳದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಕಾಫಿಪುಡಿ ಮಳಿಗೆ ಇತ್ತು. ಯಜಮಾನ್ರೊಬ್ರು ಚೌಕಾಸಿಗೆ ಇಳಿದಿದ್ರು. “ಏನಮ್ಮಾ, ಕಾಲು ಕೇಜಿಗೆ ಇಷ್ಟೊಂದಾ? ಕಾಡಲ್ಲಿ ಪುಕ್ಸಟ್ಟೆ ಬೆಳೆಯುತ್ತಲ್ಲ!” ಆ ಹೆಣ್ಣುಮಗಳು ನಕ್ಕು ಸುಮ್ಮನಾದ್ರು. ನನ್ನ ಬಾಯಿ ನಿಮಗೆ ಗೊತ್ತೇ ಇದೆ, ಅದಕ್ಕೆ ಇಲ್ಲಿ ಬರೀತಿದೀನಿ.

ಆ ಪುಕ್ಸಟ್ಟೆ ಲೆಕ್ಕ ಕೇಳಿ. 6 ಕೇಜಿ ಅರೇಬಿಕಾ ಜಾತಿಯ ಕಾಫಿ ಹಣ್ಣು ಕೊಯ್ದರೆ ಸಿಗೋದು ಹೆಚ್ಚುಕಮ್ಮಿ 1 ಕೇಜಿ ಬೀಜ. ಹುರಿಯುವಾಗ ಅದರಲ್ಲೂ ಶೇ. 15ರಿಂದ 20ರಷ್ಟು ತೂಕ ಹೋಗುತ್ತೆ. ಅಂದ್ರೆ ಕಾಲು ಕೇಜಿ ಪೊಟ್ಟಣದಲ್ಲಿ ಒಂದೂಮುಕ್ಕಾಲು ಕೇಜಿಗೂ ಜಾಸ್ತಿ ಹಣ್ಣಿದೆ. ಅದನ್ನೂ ಒಂದೇ ಸಲ ಸೆಳೆದು ಹಾಕೋ ಹಾಗಿಲ್ಲ. ಒಂದೇ ಕೊಂಬೆಯಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತೆ. ನವೆಂಬರಿಂದ ಜನವರಿವರೆಗೆ ಸುತ್ತು ಸುತ್ತಾಗಿ ಬಂದು ಕೆಂಪು ಹಣ್ಣು ಮಾತ್ರ ಬಿಡಿಸಬೇಕು. ಹಸಿರುಕಾಯಿ ಬೆರೆತರೆ ಕಾಫಿ ಹುಲ್ಲು ಜಗಿದಂಗೆ ಒಗರು. ಬಿಡಿಸಿದ ಹಣ್ಣನ್ನ ರಾತ್ರಿಯಿಡೀ ಚೀಲದಲ್ಲಿ ಕಟ್ಟಿಟ್ಟರೆ ಕಾವು ಏರಿ ಹುಳಿನಾತ ಹಿಡಿಯುತ್ತೆ, ಆಮೇಲೆ ಏನು ಮಾಡಿದ್ರೂ ಹೋಗಲ್ಲ. ಅದಕ್ಕೇ ಅವತ್ತೇ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, 24ರಿಂದ 36 ಗಂಟೆ ತೊಟ್ಟಿಯಲ್ಲಿಟ್ಟು ಲೋಳೆ ಬಿಡಿಸಿ ತೊಳೀಬೇಕು. ಮುಷ್ಟಿಯಲ್ಲಿ ಹಿಡಿದು ಉಜ್ಜಿದರೆ ಬೀಜ ಗರಗರ ಅನ್ನಬೇಕು, ಜಾರಿದರೆ ಇನ್ನೂ ಲೋಳೆ ಇದೆ ಅಂತ.

ಪಲ್ಪರ್ ಇಲ್ಲದವರು ಹಣ್ಣನ್ನೇ ಇಡಿಯಾಗಿ ಎರಡು ವಾರ ಒಣಗಿಸ್ತಾರೆ. ಬರೀ ಮಣ್ಣಲ್ಲಿ ಹರಡಿದರೆ ಕಾಫಿಗೆ ಮಣ್ಣುವಾಸನೆ. ದಿನಕ್ಕೆ ನಾಲ್ಕಾರು ಸಲ ಕೆದಕದಿದ್ರೆ ಬೂಸಲು. ಒಣಗಿತೋ ಇಲ್ಲವೋ ಅಂತ ಒಂದು ಹಿಡಿ ತಗೊಂಡು ಅಲ್ಲಾಡಿಸಿ ನೋಡ್ತಾರೆ, ಒಳಗೆ ಬೀಜ ಗಲಗಲ ಅನ್ನಬೇಕು. ಉಂಡೆಕೊಬ್ಬರಿಯನ್ನ ಕಿವಿ ಹತ್ರ ಅಲ್ಲಾಡಿಸಿ ಬೆಲೆ ಹೇಳೋ ತಿಪಟೂರು ಇರೋ ಜಿಲ್ಲೆಯವರೇ ತಾನೇ ನಾವು? ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಗೆ “ಮರದಲ್ಲಿ ಪುಕ್ಸಟ್ಟೆ ಬಿಡುತ್ತಲ್ಲ” ಅಂತ ಯಾರಾದ್ರೂ ಅಂದು ನೋಡಲಿ!

ಪಕ್ಕದಲ್ಲಿದ್ದ ಇನ್ನೊಬ್ಬ ಜ್ಞಾನಿ ಬೇರೆ ರಾಗ ತೆಗೆದ್ರು: “ಕಾಫಿ ಏನು ಸೋಲಿಗರ ಬೆಳೆನಾ? ಬಿಳಿಯರ ಎಸ್ಟೇಟ್ ಬೆಳೆ.” ಸರಿ, ಆ ಬೆಟ್ಟಕ್ಕೆ ಕಾಫಿ ಬಂದಿದ್ದು ಹೊನ್ನಮೇಟಿ, ಅತ್ತಿಕಾನೆ ಎಸ್ಟೇಟುಗಳ ಜೊತೆಗೇ. ನಾವು ಎದೆ ತಟ್ಟಿಕೊಂಡು ಉಣ್ಣೋ ರಾಗಿ ಬಂದಿದ್ದು ಆಫ್ರಿಕಾದಿಂದ, ಸಾರಿನ ಮೆಣಸಿನಕಾಯಿ ಪೋರ್ಚುಗೀಸರ ಹಡಗಲ್ಲಿ. ಮುಂದಕ್ಕೆ ಹೋಗೋಣ.

ಈ ಕಾಫಿ ಬೆಳೆ ಸೋಲಿಗರಿಗ್ಯಾಕೆ ಬೇಕು ಅಂದ್ರೆ, ಮೊದಲು ಜಾಗ ಬದಲಿಸ್ತಾ ರಾಗಿ ಬಿತ್ತುತ್ತಿದ್ದ ಜನ ಅವರು. 1974ರಲ್ಲಿ ಆ ಕಾಡು ವನ್ಯಧಾಮ ಆಯ್ತು, ಪೋಡುಗಳು, ಅಂದ್ರೆ ಅವರ ಹಾಡಿಗಳು, ಒಂದೇ ಕಡೆ ನಿಂತವು. 2006ರಲ್ಲಿ ಜೇನು, ನೆಲ್ಲಿ, ಪಾಚಿ ಮಾರೋಕೆ ತರೋದಕ್ಕೂ ತಡೆ ಬಿತ್ತು. ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. ಈ ಎಲ್ಲದರ ನಡುವೆ ಮನೆ ಪಕ್ಕದ ತುಂಡುನೆಲದಲ್ಲಿ ಕಾಸು ತಂದದ್ದು ಕಾಫಿ. ರಾಗಿ ಹೊಲಕ್ಕೆ ಆನೆ, ಹಂದಿ ನುಗ್ತವೆ. ಕಾಫಿ ಗಿಡದ ಮೇಲೆ ಅವಕ್ಕೆ ಅಷ್ಟು ಆಸೆ ಇಲ್ಲ. ಗಿಡಕ್ಕೆ ನೆರಳು ಬೇಕು, ಹಾಗಾಗಿ ಮರಗಳೂ ನಿಲ್ತವೆ. ನೆರಳು ಕಡಿದು ಬಿಸಿಲು ಬಿಟ್ಟರೆ ಅರೇಬಿಕಾಗೆ ಬಿಳಿ ಕಾಂಡಕೊರಕ ಹುಳದ ಕಾಟ ಜಾಸ್ತಿ. ಆನೆ, ಹಂದಿ ಬಿಟ್ಟು ಉಳಿದ ರಾಗಿ ಅವರ ರೊಟ್ಟಿಹಬ್ಬಕ್ಕೆ, ಹೊಟ್ಟೆಗೆ. ಕಾಫಿ ದುಡ್ಡು ಮಕ್ಕಳ ಓದಿಗೆ, ಔಷಧಿಗೆ. ಪೇಟೆಗೆ ಕೂಲಿಗೆ ಹೋಗದೆ ತಾವು ಪೂಜಿಸೋ ದೊಡ್ಡಸಂಪಿಗೆ ಮರದ ಊರಲ್ಲೇ ಇರಬೇಕು ಅಂದ್ರೆ ಕೈಯಲ್ಲಿ ಅಷ್ಟಾದ್ರೂ ಕಾಸಿರಬೇಕು. ನಮಗೆ ಅವರ ಕುಣಿತದ ಫೋಟೋ ಬೇಕು, ಪೊಟ್ಟಣದ ಬೆಲೆ ಮಾತ್ರ ಇಳೀಬೇಕು!

“ನಮ್ಮಂಗಡಿ ಪುಡಿ ಅರ್ಧ ಬೆಲೆಗೆ ಸಿಗುತ್ತೆ” ಅನ್ನೋರು ಆ ಪೊಟ್ಟಣದ ಹಿಂದೆ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾನೂನು ಕೇಳೋದು ಶೇ. 51 ಕಾಫಿ ಅಷ್ಟೇ, ಉಳಿದ 49 ಚಿಕೋರಿ ಇರಬಹುದು. ನನಗೂ ಚಿಕೋರಿ ಕಾಫಿ ಇಷ್ಟಾನೇ, ಹೋಲಿಕೆ ಮಾತ್ರ ಸರಿಯಾಗಿ ಮಾಡಿ. ತಣ್ಣೀರಿನ ಲೋಟದ ಮೇಲೆ ಒಂದು ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೀತಾ ತಳಕ್ಕಿಳಿಯುತ್ತೆ.

ಇನ್ನು ತಗೊಂಡು ಹೋಗಿ “ಡಿಕಾಕ್ಷನ್ ತೆಳು” ಅಂತ ಗೊಣಗೋರಿಗೆ: ಚಿಕೋರಿ ಇಲ್ಲದ ಪುಡಿ ಬೇಗ ಸೋರುತ್ತೆ, ಬಣ್ಣಾನೂ ಕಮ್ಮಿ. ಒಂದು ಚಮಚ ಜಾಸ್ತಿ ಹಾಕಿ, ಫಿಲ್ಟರ್ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿ ನಿಂತ ಮೇಲೆ ನೀರು ಸುರೀರಿ. ಆಮೇಲೂ ತೆಳು ಅನ್ಸಿದ್ರೆ ಹಾಲು ಕಮ್ಮಿ ಮಾಡ್ಕೊಳ್ಳಿ.